ಕುಂಡದ ದಾಸವಾಳಕ್ಕೆ ಗೊಬ್ಬರ: ಸ್ವಲ್ಪ ಹಾಕ್ರಿ, ಆಗಾಗ ಹಾಕ್ರಿ

(ಕಲಬುರಗಿ ನಗರ ಮತ್ತು ಕಮಲಾಪುರ ಭಾಗದ ಮಹಿಳಾ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿಯ ಬರಹರೂಪ)



ಮನೆಗೆಲಸ, ಹೊಲದ ಕೆಲಸ ಬಿಟ್ಟು ಇಷ್ಟು ದೂರ ಬಂದೀರಿ. ಅದಕ್ಕೆ ನಾವು ಸುತ್ತಿ ಬಳಸಿ ಮಾತಾಡದೆ ನೇರವಾಗಿ ವಿಷಯಕ್ಕೆ ಬರ್ತೀವಿ.

ಸಂಘಗಳಲ್ಲಿ ಈಗ ಹೊಸ ವಿಚಾರ ಒಂದು ನಡೆದದ. ಮನೆ ಮುಂದೆ, ಮಾಳಿಗೆ ಮೇಲೆ ಕುಂಡಗಳಲ್ಲಿ ದಾಸವಾಳ ಬೆಳೆಸಿ ಸಸಿ ಮಾರಬಹುದಲ್ಲ ಅಂತ. ವಿಚಾರ ಒಳ್ಳೆಯದೇ. ದಾಸವಾಳದ ಹೂವು ಒಂದೇ ದಿನ ಬಾಳುವಂಥದ್ದು, ದೂರದ ಮಾರುಕಟ್ಟೆಗೆ ಒಯ್ಯಲು ಬರುವುದಿಲ್ಲ. ಆದರೆ ಮೊಗ್ಗು ತುಂಬಿದ ಕುಂಡಕ್ಕೆ ನಗರದಲ್ಲಿ ಗಿರಾಕಿ ಇದ್ದಾರೆ. ಗಣೇಶ ಚತುರ್ಥಿ ಹತ್ತಿರ ಬಂದರೆ ಕೆಂಪು ದಾಸವಾಳ ಎಲ್ಲರಿಗೂ ಬೇಕು. ಟೊಂಗೆ ನೆಟ್ಟರೆ ಬೇರು ಬಿಡುವ ಗಿಡ, ಬೀಜದ ಖರ್ಚೂ ಇಲ್ಲ.

ಆದರೆ ಒಂದು ಲೆಕ್ಕ ಮೊದಲೇ ಮಾಡಬೇಕು. ಒಬ್ಬ ಸದಸ್ಯೆ ಸಂಘದಿಂದ 5,000 ರೂಪಾಯಿ ಸಾಲ ತಗೊಂಡು, ಕುಂಡ, ಮಣ್ಣು, ಗೊಬ್ಬರ ಎಲ್ಲಾ ಸೇರಿ ಒಂದಕ್ಕೆ 100 ರೂಪಾಯಿಯಂತೆ 50 ಗಿಡ ಮಾಡಿದಳು ಅಂತ ಇಟ್ಕೊಳ್ರಿ. ಅವುಗಳಲ್ಲಿ 15 ಗಿಡ ಸುಟ್ಟು ಹೋದರೆ 1,500 ರೂಪಾಯಿ ಹೋಯಿತು. ಗಿಡ ಸತ್ತರೂ ಕಂತು ನಿಲ್ಲೋದಿಲ್ಲ, ಬಡ್ಡಿ ನಿಲ್ಲೋದಿಲ್ಲ. ಕುಂಡದ ಗಿಡ ಗೊಬ್ಬರ ಇಲ್ಲದೆ ಸಾಯುವುದು ಅಪರೂಪ. ಒಮ್ಮೆಲೇ ಹೆಚ್ಚು ಗೊಬ್ಬರ ಬಿದ್ದು ಸಾಯುವುದೇ ಹೆಚ್ಚು. ಇವತ್ತಿನ ನಮ್ಮ ಮಾತು ಇದರ ಬಗ್ಗೆ.

ಹೊಲ ಬೇರೆ, ಕುಂಡ ಬೇರೆ

ನಮ್ಮಲ್ಲಿ ಬಹಳ ಮನೆಗಳಲ್ಲಿ ಹೊಲಕ್ಕೆ ತಂದ ಡಿಎಪಿ, ಯೂರಿಯಾ ಮೂಲೆಯಲ್ಲಿ ಉಳಿದಿರ್ತದ. ಗಿಡ ಯಾಕೋ ಸೊರಗೇದ ಅನಿಸಿದ ಕೂಡಲೇ ಒಂದು ಮುಷ್ಟಿ ತಗೊಂಡು ಕುಂಡಕ್ಕೆ ಹಾಕ್ತೀವಿ. ಹೊಲದಲ್ಲಿ ಬೇರು ಎಲ್ಲಿ ಬೇಕಾದರೂ ಹರಿದಾಡ್ತದ. ಒಂದು ಕಡೆ ಖಾರ ಆದರೆ ಇನ್ನೊಂದು ಕಡೆ ಹೋಗ್ತದ. ಕುಂಡದ ಗಿಡ ಗೂಟಕ್ಕೆ ಕಟ್ಟಿದ ಎಮ್ಮೆ ಇದ್ದಂಗ. ಮುಂದೆ ಏನು ಹಾಕ್ತೀರೋ ಅದನ್ನೇ ತಿನ್ನಬೇಕು, ಬಿಟ್ಟು ಹೋಗೋ ದಾರಿ ಇಲ್ಲ. 12 ಇಂಚಿನ ಕುಂಡದಲ್ಲಿ ಹಿಡಿಯೋದು ಒಂದು ಬಕೆಟ್‌ನಷ್ಟು ಮಣ್ಣು ಮಾತ್ರ. ಅದರೊಳಗೆ ಒಂದು ಮುಷ್ಟಿ ಯೂರಿಯಾ ಬಿದ್ದರೆ ಬೇರಿನಿಂದಲೇ ನೀರು ಹೊರಗೆ ಎಳೀತದ. ಮಣ್ಣು ಹಸಿ ಇದ್ದರೂ ಗಿಡ ಬಾಡ್ತದ, ಎಲೆಯ ಅಂಚು ಕಂದಾಗ್ತದ, ಆಮೇಲೆ ಎಲೆ ಉದುರ್ತದ.

ಇನ್ನೊಂದು ಮಾತೂ ಅಷ್ಟೇ ಖರೇ. ಕುಂಡಕ್ಕೆ ದಿನಾ ನೀರು ಹಾಕ್ತೀವಿ. ಹೆಚ್ಚಿನ ನೀರು ತಳದ ತೂತಿನಿಂದ ಹೊರಗೆ ಹೋಗುವಾಗ ಗೊಬ್ಬರವನ್ನೂ ತೊಳೆದುಕೊಂಡು ಹೋಗ್ತದ. ಆದ್ದರಿಂದ ವರ್ಷಕ್ಕೊಮ್ಮೆ ಹೊಟ್ಟೆ ತುಂಬ ಹಾಕಿ ಸುಮ್ಮನಾದರೆ ಮೊದಲು ಅಜೀರ್ಣ, ಆಮೇಲೆ ಉಪವಾಸ. ಕೂಸಿಗೆ ತುತ್ತು ತುತ್ತಾಗಿ ಉಣಿಸಿದಂತೆ ಕುಂಡಕ್ಕೂ ಸ್ವಲ್ಪ ಸ್ವಲ್ಪವೇ, ಆಗಾಗ ಕೊಡಬೇಕು.

ದಾಸವಾಳಕ್ಕೆ ಏನು ಬೇಕು?

ಗೊಬ್ಬರದ ಚೀಲದ ಮೇಲೆ ಮೂರು ಅಂಕಿ ಇರ್ತಾವ, ನೋಡಿರಬೇಕು. ಮೊದಲನೆಯದು ಸಾರಜನಕ, ಎಲೆ-ಟೊಂಗೆ ಬೆಳೆಯಲು. ಎರಡನೆಯದು ರಂಜಕ, ಬೇರಿಗೆ. ಮೂರನೆಯದು ಪೊಟ್ಯಾಷ್, ಹೂವಿಗೆ ಮತ್ತು ಗಿಡದ ಗಟ್ಟಿತನಕ್ಕೆ. ದಾಸವಾಳ ಹೊಸ ಟೊಂಗೆಯಲ್ಲೇ ಹೂ ಬಿಡುವ ಗಿಡ. ಹೊಸ ಟೊಂಗೆಗಾಗಿ ಸಾರಜನಕ ಬೇಕು, ಹೂವಿಗಾಗಿ ಪೊಟ್ಯಾಷ್ ಚೆನ್ನಾಗಿ ಬೇಕು. ರಂಜಕ ಮಾತ್ರ ಕಡಿಮೆ ಸಾಕು. ಅದು ಹೆಚ್ಚಾದರೆ ಮಣ್ಣಿನಲ್ಲಿದ್ದ ಕಬ್ಬಿಣ, ಸತುವು ಬೇರಿಗೆ ಸಿಗದಂಗ ಆಗ್ತದ.

ಈಗ ಡಿಎಪಿ ಚೀಲ ನೋಡ್ರಿ. 18:46:0. ಅಂದ್ರ ರಂಜಕವೇ 46, ಪೊಟ್ಯಾಷ್ ಸೊನ್ನೆ. ದಾಸವಾಳಕ್ಕೆ ಯಾವುದು ಕಡಿಮೆ ಬೇಕೋ ಅದೇ ಹೆಚ್ಚು, ಯಾವುದು ಬೇಕೋ ಅದು ಇಲ್ಲವೇ ಇಲ್ಲ. ಡಿಎಪಿ ಕೆಟ್ಟ ಗೊಬ್ಬರ ಅಂತ ನಾವು ಹೇಳೋದಿಲ್ಲ, ತೊಗರಿ ಹೊಲಕ್ಕೆ ಅದು ಸರಿ. ಕುಂಡದ ದಾಸವಾಳಕ್ಕೆ ಹಾಕಬ್ಯಾಡ್ರಿ.

ಎಲೆ ಹಳದಿ ಆದರೆ ಅದು ಹಸಿವೇ ಅಂತಿಲ್ಲ

ನಮ್ಮ ಭಾಗದ ಮಣ್ಣಿನ ಗುಣ ತಿಳಿಯದೆ ಗೊಬ್ಬರ ಹಾಕಿದರೆ ಹಣ ದಂಡ. ನಮ್ಮ ಮನೆಗಳಿಗೆ ಹಾಸಿದ ಶಹಾಬಾದ್ ಫರ್ಸಿ ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಇದೇ ಕಲ್ಲಿನ ಸಲುವಾಗಿ. ನಮ್ಮ ಎರೆಮಣ್ಣಿನಲ್ಲಿಯೂ ಸುಣ್ಣದ ಅಂಶ ಅದ, ಬೋರ್ ನೀರೂ ಬಹಳ ಕಡೆ ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರು ಕೂಡ್ತದಲ್ಲ, ಅದೇ. ದಿನಾ ಆ ನೀರು ಹಾಕಿದಂಗ ಕುಂಡದ ಮಣ್ಣಿನಲ್ಲಿಯೂ ಸುಣ್ಣ ಕೂಡುತ್ತಾ ಹೋಗ್ತದ. ದಾಸವಾಳಕ್ಕೆ ಸ್ವಲ್ಪ ಹುಳಿ ಮಣ್ಣು ಒಗ್ಗುತ್ತದೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗೋದಿಲ್ಲ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಒಂದು ಚಮಚ ಒಣ ಮಣ್ಣಿನ ಮೇಲೆ ಲಿಂಬಿ ರಸ ಹಿಂಡ್ರಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಮಣ್ಣಿನಲ್ಲಿ ಸುಣ್ಣ ಅದ ಅಂತ ತಿಳೀಬೇಕು. ಸರಿಯಾದ ಮಣ್ಣು ಪರೀಕ್ಷೆ ಬೇಕಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸ್ರಿ.

ಎಲೆ ನೋಡಿ ಗಿಡದ ಸಂಕಟ ತಿಳಿಯುವುದು ಹೀಗೆ:

1. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿ, ಗಿಡ ಬೆಳೆಯುತ್ತಿಲ್ಲ, ಮಣ್ಣು ಹದವಾಗಿದೆ: ಇದು ಹಸಿವು. ಸಾರಜನಕ ಬೇಕು.

2. ತುದಿಯ ಹೊಸ ಎಲೆ ಹಳದಿ, ಆದರೆ ನರಗಳು ಮಾತ್ರ ಹಸಿರು: ಇದು ಕಬ್ಬಿಣದ ಕೊರತೆ. ನಮ್ಮ ಭಾಗದಲ್ಲಿ ಇದನ್ನು ಮೊದಲು ಸಂಶಯಪಡಬೇಕು. ಎಷ್ಟು ಯೂರಿಯಾ ಹಾಕಿದರೂ ಇದು ಹೋಗೋದಿಲ್ಲ.

3. ಎಲೆಯ ಅಂಚು ಸುಟ್ಟಂತೆ ಕಂದು, ಮಣ್ಣಿನ ಮೇಲೆ ಬಿಳಿ ಪುಡಿ: ಗೊಬ್ಬರದ ಮತ್ತು ನೀರಿನ ಉಪ್ಪು ಹೆಚ್ಚಾಗಿದೆ. ಗೊಬ್ಬರ ನಿಲ್ಲಿಸಬೇಕು.

4. ಎಲೆ ಹಳದಿ, ಮಣ್ಣು ಸದಾ ಹಸಿ, ಕೆಟ್ಟ ವಾಸನೆ: ನೀರು ನಿಂತು ಬೇರು ಕೊಳೀತಿದೆ. ತೂತು ಮುಚ್ಚಿದೆಯೇ ನೋಡಬೇಕು.

ನಾಲ್ಕೂ ಕಡೆ ಎಲೆಯ ಬಣ್ಣ ಕೆಡ್ತದ. ಗೊಬ್ಬರ ಬೇಕಾದ್ದು ಮೊದಲನೆಯದಕ್ಕೆ. ಎರಡನೆಯದಕ್ಕೆ ಕಬ್ಬಿಣ ಬೇಕು. ಉಳಿದ ಎರಡಕ್ಕೆ ಗೊಬ್ಬರ ಹಾಕಿದರೆ ಗಿಡವನ್ನು ನಾವೇ ಕೊಂದಂಗ.

ಕಬ್ಬಿಣದ ಕೊರತೆಗೆ ಅನ್ನಭೇದಿ, ಅಂದ್ರ ಫೆರಸ್ ಸಲ್ಫೇಟ್, ಗೊಬ್ಬರದ ಅಂಗಡಿಯಲ್ಲಿ ಸಿಗ್ತದ. ಸುಣ್ಣದ ಮಣ್ಣಿಗೆ ಹಾಕಿದರೆ ಅದು ಅಲ್ಲೇ ಕಟ್ಟಿಹೋಗ್ತದ, ಆದ್ದರಿಂದ ಎಲೆಗೆ ಸಿಂಪಡಿಸಬೇಕು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಲಿಂಬಿ ಉಪ್ಪು. ಸಂಜೆ ಹೊತ್ತು, ಬಿಸಿಲು ಇಳಿದ ಮೇಲೆ ಸಿಂಪಡಿಸ್ರಿ. 10-15 ದಿನ ಬಿಟ್ಟು ಮತ್ತೊಮ್ಮೆ. ಬಟ್ಟೆಗೆ, ಫರ್ಸಿಗೆ ಬಿದ್ದರೆ ತುಕ್ಕಿನ ಕಲೆ ಉಳೀತದ, ಎಚ್ಚರ.

ಕುಂಡದ ಮಣ್ಣು

ಬರೀ ಎರೆಮಣ್ಣು ಕುಂಡಕ್ಕೆ ಬೇಡ. ಹಸಿ ಇದ್ದಾಗ ಅಂಟು, ಒಣಗಿದಾಗ ಬಿರುಕು. ನೀರು ಬಿರುಕಿನಿಂದಲೇ ಇಳಿದು ಹೋಗ್ತದ, ಬೇರಿಗೆ ಮುಟ್ಟೋದಿಲ್ಲ. ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ದಪ್ಪ ಉಸುಕು ಒಂದು ಪಾಲು ಕಲಸ್ರಿ. ಒಂದು ಕುಂಡಕ್ಕೆ ಒಂದು ಮುಷ್ಟಿ ಬೇವಿನ ಹಿಂಡಿ ಸೇರಿಸ್ರಿ. ಹಳೇ ಎಣ್ಣೆ ಡಬ್ಬಿ, ಬಣ್ಣದ ಬಕೆಟ್ ಆದರೂ ನಡೀತದ. ತಳಕ್ಕೆ ನಾಲ್ಕೈದು ತೂತು ಇರಲೇಬೇಕು. ಹಸಿ ಹೆಂಡಿ ಮಾತ್ರ ಹಾಕಬ್ಯಾಡ್ರಿ. ಅದು ಕುಂಡದಲ್ಲೇ ಕಳಿಯುವಾಗ ಬಿಸಿ ಆಗಿ ಬೇರು ಸುಡ್ತದ, ಗೊಣ್ಣೆಹುಳವೂ ಬರ್ತದ.

ನಮ್ಮಲ್ಲೇ ಸಿಗುವ ಗೊಬ್ಬರ

ಕಮಲಾಪುರದ ಅಕ್ಕಂದಿರಿಗೆ ಒಂದು ಅನುಕೂಲ ಅದ. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು, ನಾಡಿಗೇ ಗೊತ್ತು. ಗೊನೆ ಕಡಿದ ಮೇಲೆ ದಿಂಡು ತೋಟದಲ್ಲಿ ಬಿದ್ದಿರ್ತದ. ಆ ದಿಂಡಿನಲ್ಲಿ ಪೊಟ್ಯಾಷ್ ಬಹಳ ಇರ್ತದ. ದಾಸವಾಳಕ್ಕೆ ಬೇಕಾದದ್ದೂ ಅದೇ. ತೋಟದವರನ್ನು ಕೇಳಿ ದಿಂಡು ತಂದು ಸಣ್ಣಗೆ ಕೊಚ್ಚಿ, ತೊಗರಿಯ ಉದುರೆಲೆ ಕೂಡಿಸಿ, ಪದರು ಪದರಾಗಿ ಹಾಕಿ, ಹೆಂಡಿ ನೀರು ಚಿಮುಕಿಸಿ ನೆರಳಲ್ಲಿ ಗುಡ್ಡೆ ಮಾಡ್ರಿ. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕ್ರಿ. ಸುಮಾರು ಮೂರು ತಿಂಗಳಿಗೆ ಕಪ್ಪಗೆ, ಮಣ್ಣಿನ ವಾಸನೆಯ ಗೊಬ್ಬರ ಆಗ್ತದ. ನಗರದ ಸಂಘಗಳಿಗೆ ಅದನ್ನೇ ಚೀಲದಲ್ಲಿ ಮಾರಬಹುದು.

ಈ ಕಾಂಪೋಸ್ಟ್ ಅಥವಾ ಎರೆಹುಳು ಗೊಬ್ಬರವನ್ನು ತಿಂಗಳಿಗೊಮ್ಮೆ ಕುಂಡಕ್ಕೆ ಎರಡು ಮುಷ್ಟಿ. ಬುಡದಿಂದ ನಾಲ್ಕು ಬೆರಳು ದೂರ, ಅಂಚಿನ ಕಡೆ ಹಾಕಿ, ಮೇಲಿನ ಮಣ್ಣು ಕೈಯಾಡಿಸಿ ನೀರು ಹಾಕಬೇಕು.

ಶೇಂಗಾ ಹಿಂಡಿಯಲ್ಲಿ ಸಾರಜನಕ ಚೆನ್ನಾಗಿ ಅದ. 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆ ಹಾಕಿ, ಸೊಳ್ಳೆ ಬಾರದಂಗ ಬಟ್ಟೆ ಕಟ್ಟಿ ಇಡ್ರಿ. ಆಮೇಲೆ ಸೋಸಿ, ಹತ್ತು ಪಾಲು ನೀರು ಬೆರೆಸಿ ಒಂದು ಕುಂಡಕ್ಕೆ ಅರ್ಧ ಲೀಟರ್. ವಾಸನೆ ಇರ್ತದ, ಬಾಗಿಲ ಮುಂದಿನ ಕುಂಡಕ್ಕೆ ಸಂಜೆ ಹೊತ್ತು ಹಾಕಿದರೆ ಒಳ್ಳೇದು.

ಒಲೆಯ ಬೂದಿ ಬಗ್ಗೆ ಒಂದು ಮಾತು. ತೊಗರಿ ಕಟ್ಟಿಗೆ ಉರಿಸಿದ ಬೂದಿಯಲ್ಲಿ ಪೊಟ್ಯಾಷ್ ಇರೋದು ನಿಜ. ಆದರೆ ಬೂದಿ ಕ್ಷಾರ. ಮೊದಲೇ ಸುಣ್ಣ ಇರುವ ನಮ್ಮ ಮಣ್ಣಿಗೆ ಅದನ್ನೂ ಸುರಿದರೆ ಹೊಸ ಎಲೆ ಇನ್ನೂ ಹಳದಿ ಆಗ್ತದ. ಮೊಟ್ಟೆ ಸಿಪ್ಪೆ, ಸುಣ್ಣದ ನೀರು ಇವೂ ಹಾಗೆಯೇ. ದಾಸವಾಳದ ಕುಂಡಕ್ಕೆ ಇವು ಬೇಡ.

ಅಂಗಡಿ ಗೊಬ್ಬರ ತರುವುದಾದರೆ

ಹನಿ ನೀರಾವರಿಯವರು ಬಳಸುವ, ನೀರಿನಲ್ಲಿ ಪೂರ್ತಿ ಕರಗುವ ಗೊಬ್ಬರಗಳಿವೆ. ಒಂದು 19:19:19, ಇನ್ನೊಂದು 13:0:45. ಎರಡನೆಯದರಲ್ಲಿ ರಂಜಕ ಇಲ್ಲ, ಪೊಟ್ಯಾಷ್ ಹೆಚ್ಚು. ಒಂದು ಸಲ ಅದು, ಇನ್ನೊಂದು ಸಲ ಇದು, 15 ದಿನಕ್ಕೊಮ್ಮೆ ಕೊಟ್ಟರೆ ದಾಸವಾಳಕ್ಕೆ ಸರಿಯಾಗ್ತದ.

ಅಳತೆ: ಒಂದು ಲೀಟರ್ ನೀರಿಗೆ 2 ಗ್ರಾಂ. 10 ಲೀಟರ್ ಬಕೆಟ್‌ಗೆ 20 ಗ್ರಾಂ. ಕುಂಡಕ್ಕೆ ಅರ್ಧ ಲೀಟರ್‌ನಂತೆ ಒಂದು ಬಕೆಟ್ 20 ಕುಂಡಕ್ಕೆ ಬರ್ತದ. ಕಣ್ಣಂದಾಜು ಬೇಡ. ಒಮ್ಮೆ ಕಿರಾಣಿ ಅಂಗಡಿ ತಕ್ಕಡಿಯಲ್ಲಿ 20 ಗ್ರಾಂ ತೂಗಿಸಿ, ನಿಮ್ಮ ಚಮಚದಲ್ಲಿ ಎಷ್ಟಾಗ್ತದ ನೋಡಿ ಗುರುತು ಇಟ್ಕೊಳ್ರಿ. ಆ ಚಮಚ ಮತ್ತೆ ಅಡಿಗೆಮನೆಗೆ ಹೋಗಬಾರದು.

ಈಗ ಸಂಘದ ಲೆಕ್ಕ ನೋಡೋಣ. 12 ಸದಸ್ಯೆಯರು, ಮನೆಗೆ 5 ಕುಂಡದಂತೆ 60 ಕುಂಡ. ಒಂದು ಸಲಕ್ಕೆ ಒಟ್ಟು 60 ಗ್ರಾಂ. ಎರಡೂ ಗೊಬ್ಬರ ಒಂದೊಂದು ಕಿಲೋ ತಂದರೆ 33 ಸಲಕ್ಕೆ ಆಗ್ತದ. 15 ದಿನಕ್ಕೊಮ್ಮೆ ಅಂದ್ರ ಒಂದು ವರ್ಷ ದಾಟಿ ಬರ್ತದ. ಮನೆಗೊಂದು ಪಾಕೀಟು ತಂದು, ತೇವ ಹಿಡಿದು ಗಡ್ಡೆ ಕಟ್ಟಿಸಿ ಚೆಲ್ಲುವುದಕ್ಕಿಂತ ಸಂಘದಿಂದಲೇ ತಂದು ಹಂಚಿಕೊಳ್ಳುವುದು ಜಾಣತನ.

ಮೂರು ಎಚ್ಚರಿಕೆ ಮರೀಬ್ಯಾಡ್ರಿ:

1. ಒಣ ಮಣ್ಣಿಗೆ ಗೊಬ್ಬರದ ನೀರು ಹಾಕಬಾರದು. ಮೊದಲು ಸಾದಾ ನೀರು, ಆಮೇಲೆ ಗೊಬ್ಬರದ ನೀರು.

2. ಹೊಸದಾಗಿ ನೆಟ್ಟ ಟೊಂಗೆಗೆ, ಕುಂಡ ಬದಲಿಸಿದ ಗಿಡಕ್ಕೆ, ಬಾಡಿದ ಗಿಡಕ್ಕೆ ಗೊಬ್ಬರ ಇಲ್ಲ. ಹೊಸ ಚಿಗುರು ಕಂಡ ಮೇಲೆ ಅರ್ಧ ಅಳತೆಯಿಂದ ಶುರು ಮಾಡಬೇಕು.

3. ಗೊಬ್ಬರದ ನೀರನ್ನು ಕುಡಿಯುವ ನೀರಿನ ಬಾಟಲಿಯಲ್ಲಿ, ತಂಪು ಪಾನೀಯದ ಬಾಟಲಿಯಲ್ಲಿ ಎಂದೂ ತುಂಬಿಡಬಾರದು. ಮಕ್ಕಳು ಬಾಯಾರಿ ಬಂದು ನೋಡದೆ ಎತ್ತಿ ಕುಡೀತಾರ. ಬೇಕಾದಷ್ಟೇ ಕಲಸಿ ಅವತ್ತೇ ಮುಗಿಸ್ರಿ. ಪುಡಿಯನ್ನು ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡ್ರಿ.

ಕಾಲಕ್ಕೆ ತಕ್ಕಂತೆ

ಜೂನ್‌ನಲ್ಲಿ ಮುಂಗಾರು ಹಿಡಿದಾಗ ಗಿಡದ ಮೂರನೇ ಒಂದು ಪಾಲು ಕತ್ತರಿಸ್ರಿ. ಕತ್ತರಿಸಿದ ಟೊಂಗೆಯೇ ಹೊಸ ಸಸಿಗೆ ಆಯಿತು. ಚಿಗುರು ಬಂದ ಮೇಲೆ 15 ದಿನಕ್ಕೊಮ್ಮೆ ಗೊಬ್ಬರ. ಮಾಳಿಗೆಯ ಮಳೆನೀರನ್ನು ಬ್ಯಾರಲ್‌ನಲ್ಲಿ ಹಿಡಿದಿಡ್ರಿ, ಅದರಲ್ಲಿ ಸುಣ್ಣ ಇಲ್ಲ, ದಾಸವಾಳಕ್ಕೆ ಅದಕ್ಕಿಂತ ಒಳ್ಳೇ ನೀರಿಲ್ಲ. ಕುಡಿಯುವ ನೀರಿನ ಫಿಲ್ಟರ್ ಮಷೀನು ಹೊರಗೆ ಬಿಡುವ ನೀರು ಮಾತ್ರ ಕುಂಡಕ್ಕೆ ಬೇಡ, ಅದರಲ್ಲಿ ಉಪ್ಪು ಇನ್ನೂ ಹೆಚ್ಚು.

ಡಿಸೆಂಬರ್, ಜನವರಿ ಚಳಿಯಲ್ಲಿ ಗಿಡ ನಿಧಾನ. ತಿಂಗಳಿಗೊಮ್ಮೆ ಸಾಕು.

ಮಾರ್ಚ್‌ನಿಂದ ಮೇವರೆಗೆ ನಮ್ಮ ಬಿಸಿಲು ಗೊತ್ತೇ ಅದ, 40 ಡಿಗ್ರಿ ದಾಟ್ತದ. ಮಾಳಿಗೆ ಮೇಲಿನ ಕುಂಡದಲ್ಲಿ ಬೇರು ಬೇಯ್ತದ. ಈ ಕಾಲಕ್ಕೆ ಅಂಗಡಿ ಗೊಬ್ಬರ ಅರ್ಧ ಅಳತೆಗೆ ಇಳಿಸ್ರಿ, ತಿಂಗಳಿಗೊಮ್ಮೆ ಸಾಕು. ಹಿಂಡಿ ನಿಲ್ಲಿಸ್ರಿ. ಕುಂಡದ ಕೆಳಗೆ ಇಟ್ಟಂಗಿ ಇಟ್ಟು, ಮಣ್ಣಿನ ಮೇಲೆ ಒಣ ಎಲೆ ಮುಚ್ಚಿ, ಮಧ್ಯಾಹ್ನದ ನೆರಳು ಕೊಡ್ರಿ. ಹೂ ಕಡಿಮೆ ಆದರೆ ಗಾಬರಿ ಬೇಡ, ಗಿಡ ಜೀವ ಹಿಡಿದಿದ್ದರೆ ಮಳೆಗಾಲಕ್ಕೆ ಹೂ ಕೊಡ್ತದ.

ಎರಡು ತಿಂಗಳಿಗೊಮ್ಮೆ ಕುಂಡ ತೊಳೆಯಬೇಕು. ಅಂದ್ರ ತಳದಿಂದ ಚೆನ್ನಾಗಿ ಹರಿದು ಹೋಗುವವರೆಗೆ ಸಾದಾ ನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಹಾಕುವುದು. ಕೂಡಿದ ಉಪ್ಪು ಇಳಿದು ಹೋಗ್ತದ. ಮಳೆನೀರು ಇದ್ದರೆ ಬಹಳ ಒಳ್ಳೇದು.

ಸಭೆಯಲ್ಲಿ ಸದಸ್ಯೆಯರು ಕೇಳಿದ ಪ್ರಶ್ನೆಗಳು

ಪ್ರಶ್ನೆ: ಮೊಗ್ಗು ಬರ್ತಾವ, ಅರಳೋ ಮೊದಲೇ ಉದುರ್ತಾವ. ಯಾವ ಗೊಬ್ಬರ ಹಾಕಬೇಕ್ರಿ?
ಉತ್ತರ: ಮೊದಲು ಗೊಬ್ಬರದ ಕಡೆ ನೋಡಬ್ಯಾಡ್ರಿ. ಒಂದು ದಿನ ನೀರು ತಪ್ಪಿದರೂ, ಬಿಸಿಗಾಳಿ ಹೊಡೆದರೂ ಮೊಗ್ಗು ಉದುರ್ತದ. ಮೊಗ್ಗು ಬಿಡಿಸಿ ನೋಡ್ರಿ, ಒಳಗೆ ಸಣ್ಣ ನುಸಿ ಇರಬಹುದು. ಟೊಂಗೆಗೆ ಬಿಳಿ ಹಿಟ್ಟಿನಂಥದ್ದು ಅಂಟಿದ್ದರೆ ಅದು ಹಿಟ್ಟು ತಿಗಣೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸಾಬೂನು ನೀರು ಕಲಸಿ ಸಂಜೆ ಸಿಂಪಡಿಸ್ರಿ. ಯೂರಿಯಾ ಹೆಚ್ಚು ತಿಂದ ಮೆತ್ತನೆಯ ಟೊಂಗೆಗೇ ಈ ಹುಳ ಹೆಚ್ಚು ಬರ್ತದ.

ಪ್ರಶ್ನೆ: ಬಾಳೆಹಣ್ಣಿನ ಸಿಪ್ಪೆ, ಚಹಾದ ಚರಟ ನೇರ ಕುಂಡಕ್ಕೆ ಹಾಕಬಹುದೇ?
ಉತ್ತರ: ಹಸಿ ಸಿಪ್ಪೆ ಹಾಕಿದರೆ ಇರುವೆ, ನೊಣ ಬರ್ತಾವ. ಇರುವೆ ಬಂದರೆ ಹಿಂದೆಯೇ ಹಿಟ್ಟು ತಿಗಣೆ. ಕಾಂಪೋಸ್ಟ್ ಗುಡ್ಡೆಗೆ ಹಾಕಿ ಕಳಿಸಿ ಬಳಸ್ರಿ. ಚಹಾದ ಚರಟವನ್ನು ಸಕ್ಕರೆ ಹೋಗುವಂತೆ ತೊಳೆದು, ಒಣಗಿಸಿ, ಒಂದು ಚಮಚ ಹಾಕಬಹುದು.

ಪ್ರಶ್ನೆ: ಗೊಬ್ಬರಕ್ಕೆ ಒಂದು ರೂಪಾಯಿಯೂ ಖರ್ಚು ಮಾಡಲಾಗದವರು ಏನು ಮಾಡಬೇಕು?
ಉತ್ತರ: ತಿಂಗಳಿಗೆ ಎರಡು ಮುಷ್ಟಿ ಕಳಿತ ಗೊಬ್ಬರ ತಪ್ಪದೆ ಹಾಕ್ರಿ, ಅಷ್ಟರಲ್ಲೇ ಗಿಡ ಚೆನ್ನಾಗಿ ಬರ್ತದ. ಹೂ ಸ್ವಲ್ಪ ತಡ ಆಗಬಹುದು. ಅಂಗಡಿ ಗೊಬ್ಬರ ಇಲ್ಲ ಅಂತ ಯಾರೂ ಹಿಂದೆ ಸರಿಯಬೇಕಾಗಿಲ್ಲ.

ಪ್ರಶ್ನೆ: ಈಗಾಗಲೇ ಹೆಚ್ಚು ಹಾಕಿಬಿಟ್ಟೀನಿ. ಗಿಡ ಉಳೀತದೇನ್ರಿ?
ಉತ್ತರ: ಕಣ್ಣಿಗೆ ಕಾಣುವ ಗೊಬ್ಬರದ ಕಾಳು ಮೇಲಿನ ಮಣ್ಣಿನ ಸಮೇತ ತೆಗೆದು ಹಾಕ್ರಿ. ಮೂರು ಸಲ ನೀರು ಹಾಯಿಸಿ ತೊಳೆಯಿರಿ. ನೆರಳಿಗೆ ಇಡ್ರಿ. ಒಂದು ತಿಂಗಳು ಏನೂ ಹಾಕಬ್ಯಾಡ್ರಿ. ಟೊಂಗೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಇನ್ನೂ ಜೀವ ಅದ.

ಮುಂದಿನ ಸಭೆಗೆ ಒಂದು ಕೆಲಸ

ಸಾಲ ಎತ್ತುವ ಮೊದಲು ಪ್ರತಿ ಸಂಘ ಐದು ಕುಂಡ ಮಾತ್ರ ಇಟ್ಟು ಮೂರು ತಿಂಗಳು ನೋಡಲಿ. ಸಂಘದ ಪುಸ್ತಕದಲ್ಲಿ ಉಳಿತಾಯ ಬರೆದಂಗ ಇದಕ್ಕೂ ಒಂದು ಪುಟ ಇಡ್ರಿ: ಯಾವ ದಿನ ಏನು ಹಾಕಿದಿರಿ, ಎಷ್ಟು ಹಾಕಿದಿರಿ, ಎಷ್ಟು ಹೂ ಬಂತು, ಎಷ್ಟು ಖರ್ಚಾಯಿತು. ಐದೂ ಕುಂಡ ಉಳಿದು ಹೂ ಬಿಟ್ಟರೆ ಆಗ 50 ಕುಂಡದ ಮಾತು ಆಡೋಣ. ಓದು ಬರಹ ಬಾರದ ಅಕ್ಕಂದಿರಿದ್ದರೆ ಗೊಬ್ಬರ ಹಾಕಿದ ದಿನಕ್ಕೊಂದು ಗೆರೆ ಎಳೆಯಲಿ, ಅಷ್ಟು ಸಾಕು.

ಇಲ್ಲಿಗೆ ಬರಲಾಗದ ಸದಸ್ಯೆಯರಿಗೂ ಈ ಮಾಹಿತಿ ಓದಿ ಹೇಳ್ರಿ.